ಸಾಲ್ವೆಂಟ್ ಜೊತೆ ಕೆಲಸ, ಹೊಟ್ಟೆ ಕ್ಯಾನ್ಸರ್ ಭಯ: ಯಾವುದು ಮೊದಲು, ಯಾವುದು ಆಮೇಲೆ

ಪೀಣ್ಯದ ಡೀಗ್ರೀಸಿಂಗ್ ಶೆಡ್ (ಲೋಹದ ಭಾಗಗಳ ಗ್ರೀಸ್ ತೊಳೆಯುವ ಜಾಗ) ಇರಲಿ, ಬೊಮ್ಮಸಂದ್ರದ ಪೇಂಟ್ ಬೂತ್ ಇರಲಿ, ಬೀದರ್ ಕೊಳಾರದ ಫಾರ್ಮಾ ಘಟಕ ಇರಲಿ, ಕೇಳುವ ಪ್ರಶ್ನೆ ಒಂದೇ: "ದಿನಾ ಥಿನ್ನರ್ ವಾಸನೆ ಕುಡೀತೀನಿ, ಹೊಟ್ಟೆ ಉರಿ ಶುರುವಾಗಿದೆ, ಕ್ಯಾನ್ಸರ್ ಇರಬಹುದಾ?" ಈ ಪ್ರಶ್ನೆ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋದವರಲ್ಲಿ ಹೆಚ್ಚಿನವರು ಗ್ಯಾಸ್ ಮಾತ್ರೆ ತಗೊಂಡು ವಾಪಸ್ ಬರುತ್ತಾರೆ. ಡಾಕ್ಟರ್ ಕೇಳುತ್ತಾರೆ, "ಯಾವ ಕೆಮಿಕಲ್?" ಇವರು ಹೇಳುತ್ತಾರೆ, "ಥಿನ್ನರ್ ಸರ್." ಮಾತು ಅಲ್ಲಿಗೇ ನಿಂತುಬಿಡುತ್ತದೆ. ಕಾರ್ಮಿಕರ ವಿಮೆ ನೋಡುವ ಇಎಸ್‌ಐ ಆಫೀಸಲ್ಲೂ ಅದೇ ಕಥೆ.

ತಪ್ಪಾಗುತ್ತಿರುವುದು ಕ್ರಮದಲ್ಲಿ. ಎಲ್ಲರೂ ಟೆಸ್ಟ್‌ನಿಂದ ಅಥವಾ ಪರಿಹಾರದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಕ್ಯಾನ್ ಮೇಲಿನ ಲೇಬಲ್‌ನಿಂದ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಆದರೆ ಮಲ ಕಪ್ಪಗೆ ಹೋಗುತ್ತಿದ್ದರೆ, ರಕ್ತ ವಾಂತಿ ಆಗಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ, ನೇರ 6ನೇ ಹಂತಕ್ಕೆ ಹೋಗಿ.

ಬೇಕಾಗುವ ಸಾಮಾನು

ಒಂದು ಗಟ್ಟಿ ರಟ್ಟಿನ ನೋಟ್‌ಬುಕ್, ಮೊಬೈಲ್ ಕ್ಯಾಮೆರಾ, ಹಳೇ ಸಂಬಳದ ಚೀಟಿಗಳು, ಇಎಸ್‌ಐ ಕಾರ್ಡ್. ಇಷ್ಟೇ. ಮೊದಲ ಎರಡು ಹಂತಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ, ಆದರೂ ಜನ ಬಿಟ್ಟುಬಿಡುವುದು ಇವೆರಡನ್ನೇ.

ಶುರುವಿಗೂ ಮುಂಚೆ: ಯಾವುದು ಸಾಬೀತಾಗಿದೆ, ಯಾವುದು ಇಲ್ಲ

ಇದನ್ನು ನೇರವಾಗಿ ಹೇಳಿಬಿಡುತ್ತೇನೆ. ಕ್ಯಾನ್ಸರ್ ತರುವ ವಸ್ತುಗಳನ್ನು ತೂಗಿ ನೋಡುವ ವಿಶ್ವ ಆರೋಗ್ಯ ಸಂಸ್ಥೆಯ ಅಂಗ ಐಎಆರ್‌ಸಿ, ಸಾಲ್ವೆಂಟ್‌ಗಳಲ್ಲಿ (ಗ್ರೀಸ್, ಪೇಂಟ್ ಕರಗಿಸುವ ಥಿನ್ನರ್‌ನಂಥ ದ್ರವಗಳಲ್ಲಿ) ಕೆಲವನ್ನು ಮೊದಲ ಗುಂಪಿಗೆ, ಅಂದರೆ "ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ" ಅನ್ನುವ ಗುಂಪಿಗೆ ಹಾಕಿದೆ. ಬೆಂಜೀನ್ ಅಲ್ಲಿದೆ, ಅದರಿಂದ ರಕ್ತದ ಕ್ಯಾನ್ಸರ್. ಟ್ರೈಕ್ಲೋರೋಎಥಿಲೀನ್, ಅಂದರೆ ಶೆಡ್‌ನಲ್ಲಿ ಟಿಸಿಇ ಅಂತ ಕರೆಯುವುದು, ಅದೂ ಅಲ್ಲಿದೆ, ಅದರಿಂದ ಕಿಡ್ನಿ ಕ್ಯಾನ್ಸರ್. ಜಪಾನಿನ ಒಸಾಕಾದಲ್ಲಿ ಮುದ್ರಣ ಯಂತ್ರ ಒರೆಸುತ್ತಿದ್ದ ಕೆಲಸಗಾರರಿಗೆ ಪಿತ್ತನಾಳದ ಕ್ಯಾನ್ಸರ್ ಬಂದ ಮೇಲೆ 1,2-ಡೈಕ್ಲೋರೋಪ್ರೊಪೇನ್ ಕೂಡ ಸೇರಿತು. ಎಂಡಿಸಿ ಅಂತ ಕರೆಯುವ ಮೆಥಿಲೀನ್ ಡೈಕ್ಲೋರೈಡ್, ಡ್ರೈಕ್ಲೀನಿಂಗ್‌ನ ಪರ್ಕ್ಲೋರೋ, ಫೈಬರ್ ಕೆಲಸದ ಸ್ಟೈರೀನ್ ಇವೆಲ್ಲ ಅದರ ಕೆಳಗಿನ 2ಎ, ಅಂದರೆ "ಬಹುಶಃ ಕ್ಯಾನ್ಸರ್ ತರುತ್ತದೆ" ಅನ್ನುವ ಗುಂಪಿನಲ್ಲಿವೆ. ಟಾಲುಯಿನ್, ಜೈಲೀನ್ ಎರಡೂ 3ನೇ ಗುಂಪು. ಕ್ಯಾನ್ಸರ್ ಬಗ್ಗೆ ತೀರ್ಮಾನ ಹೇಳುವಷ್ಟು ಪುರಾವೆ ಇಲ್ಲ ಅಂತ ಅರ್ಥ, ಸುರಕ್ಷಿತ ಅಂತ ಅಲ್ಲ. ನರಕ್ಕೆ ಅವು ಮಾಡುವ ಹಾನಿ ಬೇರೆಯೇ ಲೆಕ್ಕ.

ಹೊಟ್ಟೆ ಎಲ್ಲಿ ಬಂತು? ಹೊಟ್ಟೆಯ ಕ್ಯಾನ್ಸರ್‌ಗೆ ಕೆಲಸದ ಜಾಗದಿಂದ ಗಟ್ಟಿ ಪುರಾವೆ ಇರುವುದು ರಬ್ಬರ್ ತಯಾರಿಕೆಗೆ. ಟೈರ್, ಟ್ಯೂಬ್, ರಬ್ಬರ್ ಭಾಗ ಮಾಡುವ ಕಾರ್ಖಾನೆಗಳಲ್ಲಿ ಧೂಳು, ಹೊಗೆ, ಸಾಲ್ವೆಂಟ್ ಎಲ್ಲ ಒಟ್ಟಿಗೇ ಇರುತ್ತವೆ. ಯಾವುದರಿಂದ ಎಷ್ಟು ಅಂತ ಬಿಡಿಸುವುದು ಕಷ್ಟ, ಹಾಗಾಗಿ ಐಎಆರ್‌ಸಿ ಇಡೀ ಉದ್ಯಮವನ್ನೇ ಮೊದಲ ಗುಂಪಿಗೆ ಹಾಕಿದೆ. ಕಲ್ನಾರು ಮತ್ತು ಸೀಸದ ಸಂಯುಕ್ತಗಳಿಗೆ ಸೀಮಿತ ಪುರಾವೆ ಇದೆ. ಬರೀ ಸಾಲ್ವೆಂಟ್ ಆವಿಯಿಂದಲೇ ಹೊಟ್ಟೆ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಅಂಥ ಗಟ್ಟಿ ಪುರಾವೆ ಇಲ್ಲ. ಹಾಗಂತ ಸುಮ್ನೆ ಕೂರುವುದೂ ತಪ್ಪು, ಯಾಕೆಂದರೆ ಅದೇ ಟಿಸಿಇ ಕಿಡ್ನಿಯನ್ನು ಬಿಡುವುದಿಲ್ಲ. ಹೊಟ್ಟೆಯೊಂದನ್ನೇ ನೋಡುತ್ತಾ ಮಿಕ್ಕಿದ್ದನ್ನು ಮರೆಯುವುದು ನಾನು ಕಂಡಿರುವ ದೊಡ್ಡ ಎಡವಟ್ಟು.

ಹಂತ 1: ಕ್ಯಾನ್ ಒಳಗೆ ಏನಿದೆ, ಹೆಸರು ಹಿಡಿಯಿರಿ

ಥಿನ್ನರ್ ಅನ್ನುವುದು ಒಂದು ಕೆಮಿಕಲ್ ಅಲ್ಲ, ಮಿಶ್ರಣ. ಒಂದು ಎನ್‌ಸಿ (ನೈಟ್ರೋಸೆಲ್ಯುಲೋಸ್ ಪೇಂಟ್‌ನ) ಥಿನ್ನರ್‌ನಲ್ಲಿ ಟಾಲುಯಿನ್, ಅಸಿಟೋನ್, ಬ್ಯೂಟೈಲ್ ಅಸಿಟೇಟ್ ಇರಬಹುದು, ಇನ್ನೊಂದು ಕಂಪನಿಯದ್ದರಲ್ಲಿ ಜೈಲೀನ್ ಜಾಸ್ತಿ ಇರಬಹುದು, ಅಗ್ಗದ ಲೂಸ್ ಥಿನ್ನರ್‌ನಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಮೊದಲು ಬ್ಯಾರಲ್ ಅಥವಾ ಕ್ಯಾನ್‌ನ ಲೇಬಲ್ ಫೋಟೋ ತೆಗೆಯಿರಿ. ಎದೆಯ ಮೇಲೆ ನಕ್ಷತ್ರ ಒಡೆದಂತೆ ಇರುವ ಮನುಷ್ಯನ ಚಿತ್ರ ಕಂಡರೆ ಅದು ದೀರ್ಘಕಾಲದ ಹಾನಿಯ ಗುರುತು. ಬೆಂಕಿಯ ಚಿತ್ರವನ್ನು ಎಲ್ಲರೂ ಗಮನಿಸುತ್ತಾರೆ, ಇದನ್ನು ಯಾರೂ ನೋಡುವುದಿಲ್ಲ.

ಆಮೇಲೆ ಸ್ಟೋರ್ಸ್‌ಗೆ ಹೋಗಿ ಎಸ್‌ಡಿಎಸ್ ಕೇಳಿ, ಅಂದರೆ ಸೇಫ್ಟಿ ಡೇಟಾ ಶೀಟ್. ಹಳಬರು ಎಂಎಸ್‌ಡಿಎಸ್ ಅನ್ನುತ್ತಾರೆ. ಅದರಲ್ಲಿ 16 ಭಾಗ ಇರುತ್ತದೆ, ನಿಮಗೆ ಬೇಕಾದದ್ದು ನಾಲ್ಕು: 2ನೇ ಭಾಗದಲ್ಲಿ ಅಪಾಯ, 3ರಲ್ಲಿ ಏನೇನು ಎಷ್ಟು ಶೇಕಡಾ, 8ರಲ್ಲಿ ಗಾಳಿಯಲ್ಲಿ ಎಷ್ಟಿರಬಹುದು ಮತ್ತು ಯಾವ ಗ್ಲೌಸ್, 11ರಲ್ಲಿ ದೇಹಕ್ಕೆ ಏನಾಗುತ್ತದೆ. 2ನೇ ಭಾಗದಲ್ಲಿ ಎಚ್350 ಅಂತ ಇದ್ದರೆ ಕ್ಯಾನ್ಸರ್ ತರಬಹುದು, ಎಚ್351 ಇದ್ದರೆ ಕ್ಯಾನ್ಸರ್ ತರುವ ಶಂಕೆ ಇದೆ ಅಂತ ಅರ್ಥ.

3ನೇ ಭಾಗದಲ್ಲಿ ಪ್ರತಿ ಕೆಮಿಕಲ್ ಎದುರಿಗೆ ಸಿಎಎಸ್ ನಂಬರ್ ಇರುತ್ತದೆ. ಇದನ್ನು ತಪ್ಪದೆ ಬರೆದುಕೊಳ್ಳಿ. ಹೆಸರು ಹತ್ತು ಇರಬಹುದು, ನಂಬರ್ ಬದಲಾಗುವುದಿಲ್ಲ. ಬೆಂಜೀನ್ 71-43-2, ಟಿಸಿಇ 79-01-6, ಎಂಡಿಸಿ 75-09-2, ಪರ್ಕ್ಲೋರೋ 127-18-4, ಟಾಲುಯಿನ್ 108-88-3, ಹೆಕ್ಸೇನ್ 110-54-3. "ಸೇಫ್ಟಿ ಸಾಲ್ವೆಂಟ್", "ನಾನ್ ಫ್ಲೇಮಬಲ್ ಕ್ಲೀನರ್" ಅಂತ ಚೆಂದದ ಹೆಸರಿಟ್ಟು ಬರುವ ಡಬ್ಬಗಳಲ್ಲಿ ಈ ನಂಬರ್ ಹುಡುಕಿ ನೋಡಿ. ಬೆಂಕಿ ಹತ್ತದ ಕ್ಲೀನರ್ ಅಂದರೆ ಬಹಳ ಸಲ ಕ್ಲೋರಿನ್ ಇರುವ ಸಾಲ್ವೆಂಟ್ ಅಂತಲೇ.

ಕೊಡಲ್ಲ ಅಂದರೆ? ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಯಲ್ಲಿ ಈ ಮಾಹಿತಿ ಕೆಲಸಗಾರನಿಗೆ ಕೊಡುವುದು ಮಾಲೀಕನ ಕರ್ತವ್ಯ. 1948ರ ಕಾರ್ಖಾನೆ ಕಾಯ್ದೆಯಲ್ಲೂ ಇದು ಇತ್ತು, 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಇದೆ. ಆದರೂ ಜಗಳದಿಂದ ಶುರು ಮಾಡಬೇಡಿ. ಲೇಬಲ್ ಮೇಲಿನ ತಯಾರಕರ ಹೆಸರು ಮತ್ತು ಪ್ರಾಡಕ್ಟ್ ಕೋಡ್ ಇಟ್ಟುಕೊಂಡು ಅವರ ವೆಬ್‌ಸೈಟಲ್ಲೇ ಹುಡುಕಿದರೆ ಎಸ್‌ಡಿಎಸ್ ಎಷ್ಟೋ ಸಲ ಅಲ್ಲೇ ಸಿಗುತ್ತದೆ.

ಹಂತ 2: ನೋಟ್‌ಬುಕ್ ಬರೆಯಿರಿ

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯ ಹಂತ ಇಲ್ಲ. ಹೊಟ್ಟೆ, ಕಿಡ್ನಿಯಂಥ ಗಡ್ಡೆ ಕ್ಯಾನ್ಸರ್‌ಗಳು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಹತ್ತು, ಇಪ್ಪತ್ತು ವರ್ಷ ಅಥವಾ ಇನ್ನೂ ತಡವಾಗಿ. ಅಷ್ಟರಲ್ಲಿ ಕಂಪನಿ ಮುಚ್ಚಿರುತ್ತದೆ, ಕಾಂಟ್ರಾಕ್ಟರ್ ಬದಲಾಗಿರುತ್ತಾನೆ, ಸೂಪರ್‌ವೈಸರ್ ಊರು ಬಿಟ್ಟಿರುತ್ತಾನೆ. ಉಳಿಯುವುದು ನೀವು ಬರೆದದ್ದು ಮಾತ್ರ.

ಮೊದಲ ಪುಟಗಳಲ್ಲಿ ಹಳೇದು ಬರೆಯಿರಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ, ಯಾವ ಕೆಲಸ, ಯಾವ ಸಾಲ್ವೆಂಟ್. ಪಕ್ಕದ ಮೆಷಿನ್‌ನಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನೂ ಸೇರಿಸಿ. ನೀವು ವೆಲ್ಡರ್ ಆಗಿದ್ದು ಹತ್ತು ಅಡಿ ದೂರದಲ್ಲಿ ಟಿಸಿಇ ಟ್ಯಾಂಕ್ ಇದ್ದರೆ ಅದು ನಿಮ್ಮ ಲೆಕ್ಕಕ್ಕೂ ಬರುತ್ತದೆ. ಅಷ್ಟೇ ಅಲ್ಲ, ಟಿಸಿಇ ಆವಿ ವೆಲ್ಡಿಂಗ್ ಶಾಖಕ್ಕೆ ಸಿಕ್ಕರೆ ಫಾಸ್ಜೀನ್ ಅನ್ನುವ ವಿಷಗಾಳಿ ಆಗುತ್ತದೆ. ಇವೆರಡನ್ನೂ ಒಂದೇ ಶೆಡ್‌ನಲ್ಲಿ ಇಡಲೇಬಾರದು.

ಈಗಿನ ಕೆಲಸಕ್ಕೆ ದಿನಾ ಎರಡು ಸಾಲು ಸಾಕು. ತಾರೀಕು, ಶಿಫ್ಟ್, ಏನು ಬಳಸಿದ್ದು, ಅಂದಾಜು ಎಷ್ಟು ಲೀಟರ್, ಎಷ್ಟು ಹೊತ್ತು, ಫ್ಯಾನ್ ನಡೆಯುತ್ತಿತ್ತಾ, ತಲೆನೋವು ತಲೆಸುತ್ತು ಏನಾದರೂ ಬಂತಾ. ಒಂದು ನಮೂನೆ ನೋಡಿ: "ಎರಡನೇ ಶಿಫ್ಟ್. ಟಿಸಿಇ ಟ್ಯಾಂಕ್, ಸುಮಾರು 4 ಗಂಟೆ. ಎಗ್ಸಾಸ್ಟ್ ಬಂದ್. 5 ಲೀಟರ್ ಮೇಲೆ ತುಂಬಿಸಿದೆವು. ರಾತ್ರಿ ತಲೆ ಭಾರ."

ಇಲ್ಲಿ ಆಗುವ ತಪ್ಪು ಅಂದರೆ ಕೋಪ ಬಂದ ದಿನ ಮಾತ್ರ ಬರೆಯುವುದು. ಏನೂ ಆಗದ ದಿನವೂ "ಏನೂ ಇಲ್ಲ" ಅಂತ ಬರೆದಿದ್ದರೆ ಪುಸ್ತಕಕ್ಕೆ ಬೆಲೆ. ಇನ್ನೊಂದು ತಪ್ಪು, ಒಂದೇ ಪೆನ್ನಲ್ಲಿ ಒಂದೇ ದಿನ ಕೂತು ಆರು ತಿಂಗಳದ್ದು ತುಂಬಿಸುವುದು. ನೋಡಿದವರಿಗೆ ಗೊತ್ತಾಗುತ್ತದೆ, ಅಲ್ವಾ? ತಿಂಗಳಿಗೊಮ್ಮೆ ಪುಟಗಳ ಫೋಟೋ ತೆಗೆದು ಮನೆಯವರೊಬ್ಬರಿಗೆ ವಾಟ್ಸಾಪ್ ಮಾಡಿ, ತಾರೀಕು ತಾನಾಗಿ ದಾಖಲಾಗುತ್ತದೆ.

ಹಂತ 3: ದೇಹದೊಳಗೆ ಯಾವ ದಾರಿಯಲ್ಲಿ ಹೋಗುತ್ತಿದೆ ನೋಡಿ

ಮೂಗು ಒಂದೇ ದಾರಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಚರ್ಮ ಇನ್ನೊಂದು, ಬಾಯಿ ಮೂರನೆಯದು. ಹೊಟ್ಟೆಯ ಮಾತು ಬಂದಾಗ ಬಾಯಿಯನ್ನು ಮೊದಲು ನೋಡಬೇಕು.

ಊಟದ ಬೆಲ್ ಆದಾಗ ಸುಮ್ನೆ ನಿಂತು ಗಮನಿಸಿ. ಕೈಗೆ ಮೆತ್ತಿದ ಪೇಂಟ್ ಅಥವಾ ಗ್ರೀಸ್ ಬಿಡಿಸಲು ಬನಿಯನ್ ವೇಸ್ಟ್‌ಗೆ (ಒರೆಸುವ ಬಟ್ಟೆ ಚೂರಿಗೆ) ಥಿನ್ನರ್ ಹಾಕಿ ಮೊಣಕೈವರೆಗೆ ಉಜ್ಜುತ್ತಾರೆ. ಚರ್ಮದ ಎಣ್ಣೆಯಂಶ ಹೋಗಿ ಕೈ ಬೆಳ್ಳಗೆ ಒಣಗುತ್ತದೆ, ಬಿರುಕು ಬಿಡುತ್ತದೆ, ಬಿರುಕಿನಿಂದ ಇನ್ನಷ್ಟು ಒಳಗೆ ಹೋಗುತ್ತದೆ. ಆಮೇಲೆ ನಲ್ಲಿಯಲ್ಲಿ ಒಂದು ಸಲ ಕೈ ಅದ್ದಿ, ಅದೇ ಕೈಯಲ್ಲಿ ಮುದ್ದೆ ಮುರಿಯುತ್ತಾರೆ. ಟಿಫಿನ್ ಬಾಕ್ಸ್ ಬೆಳಗಿನಿಂದ ಅದೇ ಬೆಂಚಿನ ಕೆಳಗಿತ್ತು. ಇಷ್ಟನ್ನು ಬದಲಾಯಿಸಲು ಮಾಲೀಕನ ಒಪ್ಪಿಗೆಯೂ ಬೇಡ: ಕೈ ತೊಳೆಯಲು ಸೋಪು ಅಥವಾ ಕೈಗೆಂದೇ ಇರುವ ಕ್ಲೀನಿಂಗ್ ಪೇಸ್ಟ್, ಟಿಫಿನ್ ಶೆಡ್‌ನ ಹೊರಗೆ, ಬೀಡಿ ಸಿಗರೇಟು ಗುಟ್ಕಾ ಕೆಲಸದ ಕೈಯಲ್ಲಿ ಮುಟ್ಟದಿರುವುದು.

ನೀರಿನ ಬಾಟಲಿಗೆ ಥಿನ್ನರ್ ತುಂಬಿಸಿಡುವುದು ಮತ್ತು ಪೈಪ್ ಬಾಯಲ್ಲಿಟ್ಟು ಎಳೆದು ಬ್ಯಾರಲ್‌ನಿಂದ ಇಳಿಸುವುದು, ಇವೆರಡನ್ನು ಇವತ್ತೇ ನಿಲ್ಲಿಸಿ. ಯಾರಾದರೂ ಅಕಸ್ಮಾತ್ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಯಾವುದೂ ಬೇಡ. ವಾಂತಿಯ ಜೊತೆ ಸಾಲ್ವೆಂಟ್ ಶ್ವಾಸಕೋಶಕ್ಕೆ ಹೋದರೆ ಅಪಾಯ ಜಾಸ್ತಿ. ಡಬ್ಬದ ಸಮೇತ ಆಸ್ಪತ್ರೆಗೆ ಓಡಿ.

ಮೂಗನ್ನು ಅಳತೆಗೋಲು ಅಂತ ನಂಬಬೇಡಿ. ಬೆಳಗ್ಗೆ ಜೋರಾಗಿ ಹೊಡೆಯುವ ವಾಸನೆ ಸ್ವಲ್ಪ ಹೊತ್ತಿಗೆ "ಹೋಗಿಬಿಡುತ್ತದೆ". ಹೋಗುವುದು ವಾಸನೆಯಲ್ಲ, ನಿಮ್ಮ ಮೂಗಿನ ಗ್ರಹಿಕೆ.

ಹಂತ 4: ತಡೆಯಿರಿ, ಆದರೆ ಮಾಸ್ಕ್‌ನಿಂದ ಶುರು ಮಾಡಬೇಡಿ

ಇದಕ್ಕೂ ಒಂದು ಕ್ರಮ ಇದೆ. ಮೊದಲು ಸಾಲ್ವೆಂಟ್ ಬದಲಾಯಿಸಲು ಆಗುತ್ತದಾ ಕೇಳಿ. ಬಹಳ ಜಾಬ್‌ಗಳಿಗೆ (ತೊಳೆಯಬೇಕಾದ ಭಾಗಗಳಿಗೆ) ಬಿಸಿನೀರು ಮತ್ತು ಆಲ್ಕಲೈನ್ ಡಿಟರ್ಜೆಂಟ್ ತೊಳೆತ ಸಾಕು, ಟಿಸಿಇ ಬೇಕಾಗಿಲ್ಲ. ಒಣಗಲು ತಡ, ತುಕ್ಕು ಹಿಡಿಯುತ್ತದೆ ಅಂತ ಸೂಪರ್‌ವೈಸರ್ ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯ ಇದೆ, ಆದರೆ ಬಿಸಿಗಾಳಿ ಮತ್ತು ತುಕ್ಕುನಿರೋಧಕದಿಂದ ಅದಕ್ಕೆ ದಾರಿಯೂ ಇದೆ.

ಆಗಲ್ಲ ಅಂದರೆ ಮುಚ್ಚಳ ಮತ್ತು ಎಗ್ಸಾಸ್ಟ್. ಸಾಲ್ವೆಂಟ್ ಆವಿ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ, ಗುಂಡಿಯಲ್ಲಿ ನಿಲ್ಲುತ್ತದೆ. ಮೇಲಿನ ಗೋಡೆಯ ಫ್ಯಾನ್ ಅದನ್ನು ನಿಮ್ಮ ಮುಖದ ಮುಂದೆ ಹಾಯಿಸಿಕೊಂಡೇ ಎಳೆಯುತ್ತದೆ. ಎಳೆತ ಟ್ಯಾಂಕ್‌ನ ಅಂಚಿನಲ್ಲೇ ಇರಬೇಕು. ನಿಮ್ಮ ಬೆನ್ನ ಹಿಂದಿನಿಂದ ಪೆಡೆಸ್ಟಲ್ ಫ್ಯಾನ್ ಟ್ಯಾಂಕ್ ಮೇಲೆ ಬೀಸುವುದಂತೂ ಕೆಟ್ಟ ಅಭ್ಯಾಸ, ಆವಿಯನ್ನು ಶೆಡ್ ತುಂಬಾ ಹರಡುತ್ತದೆ.

ವೇಪರ್ ಡೀಗ್ರೀಸರ್‌ನಲ್ಲಿ, ಅಂದರೆ ಸಾಲ್ವೆಂಟ್ ಕುದಿಸಿ ಅದರ ಆವಿಯಲ್ಲಿ ಜಾಬ್ ತೊಳೆಯುವ ಟ್ಯಾಂಕ್‌ನಲ್ಲಿ, ಕೆಲಸ ಮಾಡುವವರು ಇಷ್ಟು ನೋಡಿಕೊಳ್ಳಿ. ಟಿಸಿಇ ಕುದಿಯುವುದು 87 ಡಿಗ್ರಿಗೆ. ಮೇಲಿನ ತಂಪು ಕಾಯಿಲ್‌ಗೆ ನೀರು ಹರಿಯುತ್ತಿದೆಯಾ ಅಂತ ಮೊದಲು ನೋಡಿ, ಆಮೇಲೆ ಹೀಟರ್ ಹಾಕಿ. ಬುಟ್ಟಿಯನ್ನು ಸರ್ರನೆ ಎತ್ತಿದರೆ ಆವಿಯೂ ಜೊತೆಗೆ ಎದ್ದು ಬರುತ್ತದೆ, ನಿಧಾನ ಎತ್ತಿ. ಬಟ್ಟಲಿನಂಥ ಜಾಬ್‌ಗಳನ್ನು ಬೋರಲು ಹಾಕಿ, ಇಲ್ಲದಿದ್ದರೆ ಒಳಗೆ ಸಾಲ್ವೆಂಟ್ ನಿಂತು ಹೊರಗೆ ಬಂದು ಆವಿಯಾಗುತ್ತದೆ. ಜಾಬ್ ಪೂರ್ತಿ ಒಣಗುವವರೆಗೆ ಟ್ಯಾಂಕ್‌ನ ಅಂಚಿನೊಳಗೇ ತೂಗಲಿ. ಟ್ಯಾಂಕ್ ಒಳಗೆ ಬಿದ್ದ ಜಾಬ್ ತೆಗೆಯಲು ತಲೆ ಬಗ್ಗಿಸುವುದು, ಒಳಗೆ ಇಳಿಯುವುದು ಬೇಡವೇ ಬೇಡ. ಇದರಲ್ಲಿ ಕ್ಯಾನ್ಸರ್‌ಗೆ ಕಾಯಬೇಕಾಗಿಲ್ಲ, ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ.

ಕೊನೆಗೆ ಗ್ಲೌಸ್ ಮತ್ತು ಮಾಸ್ಕ್. ಎನ್95 ಧೂಳಿಗೆ, ಆವಿಗೆ ಅಲ್ಲ. ಕರವಸ್ತ್ರ ಕಟ್ಟಿಕೊಳ್ಳುವುದು ಇನ್ನೂ ನಿರರ್ಥಕ. ಆವಿಗೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಬೇಕು, ಗಡ್ಡ ಬಿಟ್ಟಿದ್ದರೆ ಅದು ಮುಖಕ್ಕೆ ಕೂರುವುದಿಲ್ಲ. ಕಾರ್ಟ್ರಿಡ್ಜನ್ನು ಬೆಂಚಿನ ಮೇಲೆ ತೆರೆದಿಟ್ಟರೆ ರಾತ್ರಿಯಿಡೀ ತಾನೇ ಆವಿ ಹೀರಿಕೊಂಡು ಮುಗಿದುಹೋಗುತ್ತದೆ, ಗಾಳಿಯಾಡದ ಡಬ್ಬದಲ್ಲಿಡಿ. ಎಂಡಿಸಿಗೆ ಮಾಮೂಲಿ ಕಾರ್ಟ್ರಿಡ್ಜ್ ನಂಬಬೇಡಿ, ಬಹಳ ಬೇಗ ದಾಟಿ ಬರುತ್ತದೆ. ಗ್ಲೌಸ್ ವಿಷಯದಲ್ಲಿ, ತೆಳು ನೈಟ್ರೈಲ್ ಹೆಕ್ಸೇನ್, ಮಿನರಲ್ ಟರ್ಪೆಂಟೈನ್‌ಗೆ ಪರವಾಗಿಲ್ಲ, ಟಿಸಿಇ ಮತ್ತು ಎಂಡಿಸಿಗೆ ನಿಲ್ಲುವುದಿಲ್ಲ. ಅವಕ್ಕೆ ಪಿವಿಎ ಅಥವಾ ಲ್ಯಾಮಿನೇಟ್ ಗ್ಲೌಸ್, ಪಿವಿಎ ಮಾತ್ರ ನೀರಿಗೆ ಕರಗುತ್ತದೆ. ಲೇಟೆಕ್ಸ್ ಯಾವುದಕ್ಕೂ ಬೇಡ.

ಹಂತ 5: ಮೂತ್ರ ಪರೀಕ್ಷೆ, ಸರಿಯಾದ ಸಮಯಕ್ಕೆ

ಒಳಗೆ ಎಷ್ಟು ಹೋಗಿದೆ ಅಂತ ತಿಳಿಯಲು ಮೂತ್ರ ಸಾಕು, ಆದರೆ ಯಾವ ಕೆಮಿಕಲ್ ಅಂತ ಗೊತ್ತಿದ್ದರೆ ಮಾತ್ರ. ಹಂತ 1 ಬಿಟ್ಟವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಟಿಸಿಇಗೆ ಮೂತ್ರದಲ್ಲಿ ಹುಡುಕುವುದು ಟ್ರೈಕ್ಲೋರೋಅಸೆಟಿಕ್ ಆಮ್ಲ, ವಾರದ ಕೊನೇ ಶಿಫ್ಟ್ ಮುಗಿದ ಮೇಲೆ. ಜೈಲೀನ್‌ಗೆ ಮೀಥೈಲ್ ಹಿಪ್ಯೂರಿಕ್ ಆಮ್ಲ, ಬೆಂಜೀನ್‌ಗೆ ಎಸ್-ಫೀನೈಲ್ ಮರ್ಕ್ಯಾಪ್ಟ್ಯೂರಿಕ್ ಆಮ್ಲ, ಎರಡೂ ಶಿಫ್ಟ್ ಮುಗಿದ ತಕ್ಷಣ. ಟಾಲುಯಿನ್‌ಗೆ ಹಿಪ್ಯೂರಿಕ್ ಆಮ್ಲ ಅಂತ ಲ್ಯಾಬ್‌ನವರು ಮಾಡಿಕೊಡುತ್ತಾರೆ. ಅದು ಸೋಡಿಯಂ ಬೆಂಜೋಯೇಟ್ ಹಾಕಿದ ಉಪ್ಪಿನಕಾಯಿ, ಜ್ಯೂಸ್, ಕೂಲ್‌ಡ್ರಿಂಕ್ಸ್‌ನಿಂದಲೂ ಏರುತ್ತದೆ, ಆರ್ಥೋ-ಕ್ರೆಸಾಲ್ ಟೆಸ್ಟ್ ಸಿಕ್ಕರೆ ಅದೇ ಒಳ್ಳೆಯದು.

ಸೋಮವಾರ ಬೆಳಗ್ಗೆ ಡ್ಯೂಟಿಗೆ ಮುಂಚೆ ಮೂತ್ರ ಕೊಟ್ಟು "ಎಲ್ಲ ನಾರ್ಮಲ್" ಅಂತ ರಿಪೋರ್ಟ್ ತರಬೇಡಿ. ಭಾನುವಾರ ರಜೆಯಲ್ಲಿ ದೇಹ ಅರ್ಧಕ್ಕರ್ಧ ತೊಳೆದುಕೊಂಡಿರುತ್ತದೆ. ಈ ಟೆಸ್ಟ್ ಕ್ಯಾನ್ಸರ್ ಇದೆಯಾ ಅಂತ ಹೇಳುವುದೂ ಇಲ್ಲ, ಸಾಲ್ವೆಂಟ್ ಎಷ್ಟು ಒಳಗೆ ಹೋಯಿತು ಅಂತ ಮಾತ್ರ ಹೇಳುತ್ತದೆ.

ಟಿಸಿಇ ಕೆಲಸದವರಿಗೆ ಒಂದು ಖರ್ಚಿಲ್ಲದ ಸುಳಿವು: ಕೆಲಸ ಮುಗಿಸಿ ಒಂದು ಪೆಗ್ ಹಾಕಿದ ತಕ್ಷಣ ಮುಖ, ಕತ್ತು ಕೆಂಪು ಕೆಂಪಾಗಿ ಮಚ್ಚೆ ಏಳುತ್ತದೆ. "ಇವನಿಗೆ ಏರಿತು" ಅಂತ ಗೆಳೆಯರು ನಗುತ್ತಾರೆ. ಟಿಸಿಇ ದೇಹದಲ್ಲಿ ಜಾಸ್ತಿ ಇರುವುದರ ಗುರುತು ಆಗಿರಬಹುದು ಅದು. ನೋಟ್‌ಬುಕ್‌ಗೆ ಹಾಕಿ. ಪರೀಕ್ಷೆಗೆ ಕುಡಿಯಬೇಡಿ ಮತ್ತೆ!

ಕಾರ್ಮಿಕರ ಆರೋಗ್ಯಕ್ಕೆಂದೇ ಇರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ, ದೇವನಹಳ್ಳಿ ಕಡೆ ಇದೆ. ಇಂಥ ಪರೀಕ್ಷೆಗಳ ಬಗ್ಗೆ ನಿಮ್ಮ ಡಾಕ್ಟರ್ ಅಥವಾ ಯೂನಿಯನ್ ಮೂಲಕ ಅಲ್ಲಿ ವಿಚಾರಿಸಬಹುದು.

ಹಂತ 6: ಹೊಟ್ಟೆಯನ್ನು ಪ್ರತ್ಯೇಕವಾಗಿ ತೋರಿಸಿ

ಈ ಗುರುತುಗಳಿದ್ದರೆ ಗ್ಯಾಸ್ ಮಾತ್ರೆ ನುಂಗುತ್ತಾ ತಿಂಗಳು ಕಳೆಯಬೇಡಿ: ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಬಿಡದ ವಾಂತಿ, ನುಂಗಲು ಕಷ್ಟ, ಬೆಲ್ಟ್‌ಗೆ ಹೊಸ ತೂತು ಹಾಕುವಷ್ಟು ತೂಕ ಇಳಿಯುವುದು, ರಕ್ತ ಕಡಿಮೆ ಅಂತ ರಿಪೋರ್ಟ್ ಬರುವುದು, ಡಾಂಬರಿನ ಹಾಗೆ ಕಪ್ಪಗೆ ಅಂಟುವ ಮಲ. ಕಬ್ಬಿಣದ ಮಾತ್ರೆ ತಗೊಂಡರೂ ಮಲ ಕಪ್ಪಾಗುತ್ತದೆ, ಅದನ್ನು ಡಾಕ್ಟರ್‌ಗೆ ಹೇಳಿ. ರಕ್ತ ವಾಂತಿ, ಡಾಂಬರಿನಂಥ ಮಲ ಇದ್ದರೆ ಓಪಿಡಿ ಟೋಕನ್ ಅಲ್ಲ, ಎಮರ್ಜೆನ್ಸಿ.

ಉತ್ತರ ಕೊಡುವ ಟೆಸ್ಟ್ ಎಂಡೋಸ್ಕೋಪಿ, ಅನುಮಾನದ ಜಾಗದಿಂದ ಚೂರು ತೆಗೆದು ಬಯಾಪ್ಸಿ. ಅಲ್ಟ್ರಾಸೌಂಡ್ ನಾರ್ಮಲ್ ಬಂತು ಅಂತ ಹೊಟ್ಟೆ ಒಳಪದರ ಚೆನ್ನಾಗಿದೆ ಅಂತ ಹೇಳಲಾಗದು. "ಫುಲ್ ಬಾಡಿ ಕ್ಯಾನ್ಸರ್ ಪ್ಯಾಕೇಜ್" ಅಂತ ಮಾರುವ ರಕ್ತದ ಮಾರ್ಕರ್ ಟೆಸ್ಟ್‌ಗಳು ಹೊಟ್ಟೆ ಕ್ಯಾನ್ಸರನ್ನು ಮೊದಲೇ ಹಿಡಿಯಲು ಉಪಯೋಗಕ್ಕೆ ಬರುವುದಿಲ್ಲ, ದುಡ್ಡು ಉಳಿಸಿ.

ಗುರುತು ಯಾವುದೂ ಇಲ್ಲ, ಬರೀ ಉರಿ ಅಂದರೆ ಎಚ್. ಪೈಲೋರಿ ಬ್ಯಾಕ್ಟೀರಿಯಾ ಪರೀಕ್ಷೆ ಕೇಳಿ. ಹೊಟ್ಟೆ ಕ್ಯಾನ್ಸರ್‌ನ ದೊಡ್ಡ ಕಾರಣ ಇದೇ, 1994ರಲ್ಲೇ ಐಎಆರ್‌ಸಿ ಇದನ್ನು ಮೊದಲ ಗುಂಪಿಗೆ ಹಾಕಿತು, ಮತ್ತು ಮಾತ್ರೆಯಿಂದ ಹೋಗುತ್ತದೆ. ಉಸಿರು ಅಥವಾ ಮಲದ ಪರೀಕ್ಷೆಯಲ್ಲಿ ತಿಳಿಯುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆಯನ್ನು ಎರಡು ವಾರ, ಆಂಟಿಬಯೋಟಿಕ್ ಅನ್ನು ನಾಲ್ಕು ವಾರ ಮುಂಚೆ ಬಿಟ್ಟಿರಬೇಕು, ಇಲ್ಲದಿದ್ದರೆ ಇದ್ದರೂ ಇಲ್ಲ ಅಂತ ಬರಬಹುದು. ಬಿಡುವ ಮುಂಚೆ ಡಾಕ್ಟರ್‌ಗೆ ಒಂದು ಮಾತು ಕೇಳಿ. ಸಿಗರೇಟು ಹೊಟ್ಟೆ ಕ್ಯಾನ್ಸರ್‌ಗೆ ಸಾಬೀತಾದ ಕಾರಣ. ಎಲ್ಲವನ್ನೂ ಥಿನ್ನರ್ ತಲೆಗೆ ಕಟ್ಟಿ ಇವೆರಡನ್ನು ಬಿಟ್ಟರೆ ನಷ್ಟ ನಿಮಗೇ.

ಡಾಕ್ಟರ್ ಎದುರು ಮಾತಾಡುವಾಗ "ಕೆಮಿಕಲ್ ಕೆಲಸ" ಅನ್ನಬೇಡಿ. ಹೀಗೆ ಹೇಳಿ: "ಟಿಸಿಇ ಟ್ಯಾಂಕ್‌ನಲ್ಲಿ ಎಂಟು ವರ್ಷ, ಅದಕ್ಕೂ ಮುಂಚೆ ರಬ್ಬರ್ ಫ್ಯಾಕ್ಟರಿಯಲ್ಲಿ ಮೂರು ವರ್ಷ. ಚೀಟಿಯಲ್ಲಿ ಬರೆದುಕೊಳ್ಳಿ ಸರ್." ಚೀಟಿಯಲ್ಲಿ ಅದು ಬರಬೇಕು. ಮೂತ್ರದಲ್ಲಿ ರಕ್ತ ಕಂಡಿದ್ದರೆ, ಪದೇ ಪದೇ ಜ್ವರ, ವಸಡಿನಲ್ಲಿ ರಕ್ತ ಇದ್ದರೆ ಅದನ್ನೂ ಹೇಳಿ. ಕಿಡ್ನಿ ಮತ್ತು ರಕ್ತದ ಕಡೆ ನೋಡಬೇಕಾಗುತ್ತದೆ.

ಹಂತ 7: ಇಎಸ್‌ಐ ಮತ್ತು ಪರಿಹಾರ

ಚಿಕಿತ್ಸೆ ಮತ್ತು ಪರಿಹಾರ ಎರಡನ್ನೂ ಬೇರೆ ಮಾಡಿ ನೋಡಿ. ಚಿಕಿತ್ಸೆಗೆ ಕೆಲಸದಿಂದಲೇ ಬಂತು ಅಂತ ಸಾಬೀತು ಮಾಡಬೇಕಾಗಿಲ್ಲ. ಇಎಸ್‌ಐ ಇರುವವರಿಗೆ ಡಿಸ್ಪೆನ್ಸರಿಯಿಂದ ರೆಫರ್ ಮಾಡಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗುವ ದಾರಿ ಇದೆ. ಕ್ಯಾನ್ಸರ್ ಆದರೆ ಮಾಮೂಲಿ 91 ದಿನದ ಅನಾರೋಗ್ಯ ಭತ್ಯೆ ಮುಗಿದ ಮೇಲೆ ವಿಸ್ತರಿತ ಭತ್ಯೆ ಸಿಗುತ್ತದೆ, ಸಂಬಳದ ಶೇ 80, ಗರಿಷ್ಠ 2 ವರ್ಷದವರೆಗೆ. ಎರಡು ವರ್ಷ ನಿರಂತರ ಕೆಲಸ ಮತ್ತು ವಂತಿಗೆಯ ಷರತ್ತುಗಳಿವೆ. ಎಷ್ಟೋ ಜನ ಇದನ್ನು ಕೇಳದೆ ಸಾಲ ಮಾಡುತ್ತಾರೆ. ಇಎಸ್‌ಐ ಇಲ್ಲದವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರೇಷನ್ ಕಾರ್ಡ್, ಆಧಾರ್ ತಗೊಂಡು ಹೋಗಿ ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರ್‌ನಲ್ಲಿ ಮೊದಲು ವಿಚಾರಿಸಿ.

ಪರಿಹಾರದ ದಾರಿ ಕಷ್ಟದ್ದು. ಕಾನೂನಿನ ವೃತ್ತಿ ಕಾಯಿಲೆಗಳ ಪಟ್ಟಿಯಲ್ಲಿ ಬೆಂಜೀನ್ ಮತ್ತು ಕ್ಲೋರಿನ್ ಇರುವ ಸಾಲ್ವೆಂಟ್‌ಗಳಿಂದ ಬರುವ ಕಾಯಿಲೆಗಳಿವೆ, ಹೊಟ್ಟೆ ಕ್ಯಾನ್ಸರ್ ಹೆಸರು ಹಿಡಿದು ಇಲ್ಲ. ಹಾಗಾಗಿ ಕೆಲಸದಿಂದಲೇ ಬಂತು ಅನ್ನುವುದನ್ನು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ನೋಟ್‌ಬುಕ್, ಎಸ್‌ಡಿಎಸ್ ಫೋಟೋ, ಮೂತ್ರದ ರಿಪೋರ್ಟ್, ಡಾಕ್ಟರ್ ಚೀಟಿ ಇವು ಕೆಲಸಕ್ಕೆ ಬರುವುದು ಇಲ್ಲೇ. ಶೆಡ್‌ನ ಪರಿಸ್ಥಿತಿ ಬಗ್ಗೆ ದೂರು ಕೊಡುವುದಾದರೆ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ, ಬರವಣಿಗೆಯಲ್ಲಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು. ಒಬ್ಬರೇ ಹೋಗುವುದಕ್ಕಿಂತ ಅದೇ ಶೆಡ್‌ನ ನಾಲ್ಕು ಜನ ಸಹಿ ಹಾಕಿದರೆ ಅರ್ಜಿಗೆ ತೂಕ.

ಕೆಲಸ ಬಿಡುವಾಗ ಫೈನಲ್ ಸೆಟಲ್‌ಮೆಂಟ್ ಎಣಿಸಿಕೊಂಡು ಬಂದರೆ ಸಾಲದು. ಕಂಪನಿ ಮಾಡಿಸಿದ ಮೆಡಿಕಲ್ ಚೆಕಪ್ ರಿಪೋರ್ಟ್‌ಗಳ ಪ್ರತಿ, ಯಾವ ವಿಭಾಗದಲ್ಲಿ ಎಷ್ಟು ವರ್ಷ ಇದ್ದಿರಿ ಅಂತ ಬರೆದ ಸರ್ವಿಸ್ ಸರ್ಟಿಫಿಕೇಟ್ ಎರಡನ್ನೂ ಕೇಳಿ ಪಡೆಯಿರಿ. "ಹೆಲ್ಪರ್" ಅಂತ ಮಾತ್ರ ಬರೆದುಕೊಟ್ಟರೆ "ಡೀಗ್ರೀಸಿಂಗ್ ವಿಭಾಗ" ಅಂತ ಸೇರಿಸಲು ಹೇಳಿ. ಕಾಂಟ್ರಾಕ್ಟ್ ಮೇಲಿದ್ದವರು ಗೇಟ್‌ಪಾಸ್ ವಾಪಸ್ ಕೊಡುವ ಮುಂಚೆ ಅದರ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ, ಎಷ್ಟೋ ಜನರಿಗೆ ಆ ಕಾರ್ಖಾನೆಯೊಳಗೆ ಕಾಲಿಟ್ಟಿದ್ದಕ್ಕೆ ಇರುವ ದಾಖಲೆ ಅದೊಂದೇ.